ಟಿವಿಗಿಂತ ಮೊದಲೇ ಬಿದ್ದ ವಿಕೆಟ್‌ಗಳು

ನಾನು ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುವವನು. ಮೊದಲು ಹನ್ನೊಂದು ವರ್ಷ ಕಂಡಕ್ಟರ್ ಆಗಿದ್ದೆ, ಆಮೇಲೆ ಚೆಕಿಂಗಿಗೆ ಬಂದೆ. ಗದಗದಿಂದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಗೆ ಹೋಗುವ ಬಸ್ಸುಗಳನ್ನು ದಾರಿಯಲ್ಲಿ ಕೈಮಾಡಿ ನಿಲ್ಲಿಸಿ, ಹತ್ತಿ, ಒಬ್ಬೊಬ್ಬರ ಟಿಕೆಟ್ ನೋಡುವುದು ನನ್ನ ಕೆಲಸ. ಈ ಕೆಲಸದಲ್ಲಿ ಕೆಲವು ವರ್ಷ ಕಳೆದರೆ ಒಂದು ಚಟ ಹತ್ತಿಕೊಳ್ಳುತ್ತದೆ. ಟಿಕೆಟ್ ತೆಗೆಸಿದವನ ಮುಖ ಬೇರೆ, ತೆಗೆಸದವನ ಮುಖ ಬೇರೆ ಎಂದು ಅನಿಸತೊಡಗುತ್ತದೆ. ನಿದ್ದೆ ಬಂದವನಂತೆ ಕಣ್ಣು ಮುಚ್ಚಿದವನನ್ನು, ಕಿಟಕಿಯಾಚೆಯ ಜೋಳದ ಹೊಲವನ್ನು ಅತಿ ಶ್ರದ್ಧೆಯಿಂದ ನೋಡುವವನನ್ನು ಮೊದಲು ಮಾತಾಡಿಸುತ್ತೇನೆ. ಆ ಚಟ ಮನೆಗೆ ಬಂದರೂ ಬಿಡುವುದಿಲ್ಲ. ಹೆಂಡತಿ ಹಾಲಿನವನ ಸುದ್ದಿ ಹೇಳಿದರೆ ಮೂರು ಪ್ರಶ್ನೆ ಕೇಳುತ್ತೇನೆ. "ನಾನೇನ ಬಸ್ಸಿನ್ಯಾಗ ಕುಂತೇನೇನ್ರಿ?" ಎನ್ನುತ್ತಾಳೆ.

ನಮ್ಮ ಮನೆ ಬೆಟಗೇರಿಯಲ್ಲಿ, ನೇಕಾರರ ಓಣಿಯ ಪಕ್ಕ. ಓಣಿ ರಸ್ತೆಗೆ ಕೂಡುವಲ್ಲಿ ಒಂದು ಚಾದಂಗಡಿ ಇದೆ. ಆ ಚಳಿಗಾಲ ನಮ್ಮ ತಂಡ ಟೆಸ್ಟ್ ಆಡಲು ಆಸ್ಟ್ರೇಲಿಯಾಕ್ಕೆ ಹೋಗಿತ್ತು. ಅಲ್ಲಿ ಆಟ ಶುರುವಾಗುವಾಗ ಇಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿರುವುದಿಲ್ಲ. ಚಾದಂಗಡಿಯವನು ಐದಕ್ಕೆಲ್ಲ ಒಲೆ ಹಚ್ಚಿ, ತನ್ನ ಮೊಬೈಲಿನ ಇಂಟರ್ನೆಟ್ಟನ್ನು ಟಿವಿಗೆ ಜೋಡಿಸಿ ಮ್ಯಾಚ್ ಹಾಕುತ್ತಿದ್ದ. ನನ್ನ ಡ್ಯೂಟಿ ಎಂಟಕ್ಕೆ. ಅಲ್ಲಿಯವರೆಗೆ ನಾನು ಆ ಬೆಂಚಿನ ಮೇಲೆಯೇ ಇರುತ್ತಿದ್ದೆ.

ಬರುವವರು ಬಹಳ ಜನ, ಆದರೆ ವಾದ ಮಾಡುವವರು ಇಬ್ಬರೇ. ಒಬ್ಬ ಬಜಾರಿನ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ನಲವತ್ತರ ಆಸುಪಾಸಿನವನು. ಅವನದು ಬ್ಯಾಟಿಂಗ್ ಪಕ್ಷ. ಇನ್ನೊಬ್ಬರು ಎಪ್ಪತ್ತು ಸಮೀಪಿಸಿದ್ದ ಕೈಮಗ್ಗದ ನೇಕಾರರು. ಅವರ ಮನೆಯಲ್ಲಿ ಎರಡು ಮಗ್ಗ. ಒಂದರಲ್ಲಿ ಮಗ ಕೂರುತ್ತಿದ್ದ, ಒಂದರಲ್ಲಿ ಅವರು. ಓಣಿಗೆಲ್ಲ ಅವರು ಕಾಕಾ, ನನಗೂ ಕಾಕಾ. ಅವರದು ಬೌಲಿಂಗ್ ಪಕ್ಷ.

"ನೀ ಐದನೂರ ಹೊಡಿ, ಆರನೂರ ಹೊಡಿ," ಎನ್ನುತ್ತಿದ್ದರು ಕಾಕಾ. "ಅವರ ಇಪ್ಪತ್ತ ಮಂದಿನ್ನ ಮನಿಗಿ ಕಳಸದ ಗೆಲ್ಲಾಕ ಬರ್ತೈತೇನು? ಅವ್ರ ಕಡೆ ನಾಕ ಮಂದಿ ಬೌಲರ್ ಅದಾರ, ಒಬ್ಬಾಂವ ದಣದ್ರ ಇನ್ನೊಬ್ಬಾಂವ ಬರ್ತಾನ. ನಮ್ಮ ಕಡೆ ಒಬ್ಬನ ನೇಯ್ತಾನ, ಉಳದವ್ರು ಎಳಿ ಹರಕೊಂತ ಕುಂತಾರ."

"ಬೌಲರ್ ಮೂರ ದಿನ ದುಡದ ಗಳಿಸಿದ್ದನ್ನ ಬ್ಯಾಟ್ಸಮನ್ ಒಂದ ತಾಸಿನ್ಯಾಗ ಕಳೀತಾನಲ್ರಿ ಕಾಕಾ, ಅದಕ್ಕೇನಂತೀರಿ?" ಎಂದು ಸೀರೆ ಅಂಗಡಿಯವನು ಕೇಳುತ್ತಿದ್ದ. "ಅವ್ರ ಎಂಟನೇ ನಂಬರಿನಾಂವಾನೂ ಐವತ್ತ ಹೊಡೀತಾನ. ನಮ್ಮಲ್ಲಿ ಐದ ಮಂದಿ ಹೋದ್ರ ಚಾ ಕುಡ್ಯಾಕ ಹೋಗಿ ಬರೂದ್ರಾಗ ಆಲೌಟ್."

ಇಬ್ಬರದೂ ಖರೆ ಎನಿಸುತ್ತಿತ್ತು ನನಗೆ. ವಾದದಲ್ಲಿ ನಾನು ಬಾಯಿ ಹಾಕುತ್ತಿರಲಿಲ್ಲ. ನೋಡುತ್ತ ಕೂರುತ್ತಿದ್ದೆ. ನೋಡುತ್ತ ಕೂತದ್ದರಿಂದಲೇ ಮುಂದಿನದೆಲ್ಲ ಆಯಿತು.

ಕಾಕಾ ಹಿಂದಿನ ಗೋಡೆಗೆ ಆತು, ಸಕ್ಕರೆ ಚೀಲದ ಪಕ್ಕ ಕೂರುತ್ತಿದ್ದರು. ಕಿವಿ ಮುಚ್ಚುವ ಉಣ್ಣೆಯ ಕುಲಾಯಿ, ಮೇಲೊಂದು ಟವೆಲ್, ಎಡಗೈ ಸದಾ ಅಂಗಿಯ ಬಗಲ ಕಿಸೆಯಲ್ಲಿ. ಮೊದಲನೆಯ ಸಲ ಅದು ಆದದ್ದು ಆಸ್ಟ್ರೇಲಿಯಾದವನೊಬ್ಬ ಚೆನ್ನಾಗಿ ಆಡುತ್ತಿದ್ದಾಗ. ನಮ್ಮ ಬೌಲರ್ ಇನ್ನೂ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಿದ್ದ. ಹಿಂದಿನಿಂದ ಕಾಕಾ, "ಹೋದ ನೋಡ ಇಂವ," ಎಂದರು. ಬೌಲರ್ ಓಡಿ ಬಂದ, ಎಸೆದ, ಚೆಂಡು ಬ್ಯಾಟಿನ ಅಂಚಿಗೆ ತಾಗಿ ಕೀಪರನ ಕೈ ಸೇರಿತು. ಅಂಗಡಿ ಎದ್ದು ಕುಣಿಯಿತು. ಎರಡು ದಿನದಲ್ಲಿ ಹೀಗೆ ನಾಲ್ಕು ಸಲ ಆಯಿತು. "ಕಾಕಾ, ನೀವ ಅಲ್ಲಿ ಕೋಚ್ ಆಗಬೇಕಾಗಿತ್ತ ನೋಡ್ರಿ," ಎಂದು ಸೀರೆ ಅಂಗಡಿಯವನೇ ಕೈ ಮುಗಿದ. ಕಾಕಾ ಮೀಸೆಯಡಿ ನಕ್ಕರು. "ಬೌಲರನ ಮಣಿಕಟ್ಟ ನೋಡಿದ್ರ ಗೊತ್ತಾಕ್ಕೈತಿ ತಮ್ಮಾ," ಎಂದರು.

ನಾನು ನಗಲಿಲ್ಲ. ಅಂದಾಜು ಹೇಳುವವನು ಹತ್ತರಲ್ಲಿ ಆರು ಸಲವಾದರೂ ತಪ್ಪುತ್ತಾನೆ. ಕಾಕಾ ಯಾವಾಗಲೋ ಒಮ್ಮೆ ಹೇಳುತ್ತಿದ್ದರು, ಹೇಳಿದಾಗ ಒಮ್ಮೆಯೂ ತಪ್ಪುತ್ತಿರಲಿಲ್ಲ. ತಪ್ಪೇ ಮಾಡದ ಮನುಷ್ಯನನ್ನು ಕಂಡರೆ ನನಗೆ ಸಮಾಧಾನ ಇರುವುದಿಲ್ಲ.

ಮಾರನೆಯ ದಿನ ಇಂಟರ್ನೆಟ್ ಕೈಕೊಟ್ಟಿತು. ಟಿವಿಯಲ್ಲಿ ಬ್ಯಾಟ್ಸ್‌ಮನ್ ಬ್ಯಾಟು ಎತ್ತಿದ ಹಾಗೆಯೇ ನಿಂತುಬಿಟ್ಟ, ನಡುವೆ ದುಂಡಗೆ ಒಂದು ಗೆರೆ ತಿರುಗತೊಡಗಿತು. ಎಲ್ಲರೂ ಚಾದಂಗಡಿಯವನನ್ನು ಬಯ್ಯುತ್ತಿದ್ದರು. ಆ ಗದ್ದಲದಲ್ಲಿ ಕಾಕಾ ತಮ್ಮಷ್ಟಕ್ಕೆ, "ಛೇ, ನಾಕ ಹೋತು," ಎಂದರು. ನಾನು ಹೊರಳಿ ನೋಡಿದೆ. ಅವರ ಮುಖ ಟಿವಿಯ ಕಡೆಗೇ ಇತ್ತು. ಟಿವಿಯಲ್ಲಿ ಏನೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಚಿತ್ರ ಮುಂದುವರಿದಾಗ ಚೆಂಡು ನಿಜಕ್ಕೂ ಬೌಂಡರಿಗೆ ಹೋಯಿತು.

ಅಂದಿನಿಂದ ನನ್ನ ಕಣ್ಣು ಮ್ಯಾಚಿನ ಮೇಲಿರಲಿಲ್ಲ, ಕಾಕಾನ ಮೇಲಿತ್ತು. ಮೊದಲು ಅವರ ಫೋನನ್ನು ಅನುಮಾನಿಸಿದೆ. ಈಗಿನ ಫೋನುಗಳಲ್ಲಿ ಸ್ಕೋರು ಬೇಗ ಬರುತ್ತದೆ. "ಕಾಕಾ, ನನ್ನ ಫೋನಿಗಿ ಚಾರ್ಜ್ ಇಲ್ಲ, ಒಂದ ಫೋನ್ ಮಾಡ್ತೀನಿ ಕೊಡ್ರಿ," ಎಂದು ಕೇಳಿದೆ. ಬಲಗೈಯಿಂದ ತೆಗೆದು ಕೊಟ್ಟರು. ಗುಂಡಿ ಒತ್ತುವ ಹಳೆಯ ಫೋನು, ಅದರಲ್ಲಿ ಇಂಟರ್ನೆಟ್ ಬರುವುದಿಲ್ಲ. ಹೆಂಡತಿಗೆ ಸುಮ್ಮನೆ ಒಂದು ಮಿಸ್ ಕಾಲ್ ಕೊಟ್ಟು ವಾಪಸು ಕೊಟ್ಟೆ. ಫೋನು ಅಲ್ಲವೆಂದರೆ ಮತ್ತೇನು? ಆ ಎಡಗೈ ಕಿಸೆಯಲ್ಲಿ ಏನು ಮಾಡುತ್ತದೆ?

ನಮ್ಮ ಕಡೆ ಪ್ರತಿ ಕ್ರಿಕೆಟ್ ಸೀಸನ್ನಿನಲ್ಲೂ ಬೆಟ್ಟಿಂಗ್ ಆಡಿಸುವವರನ್ನು ಪೊಲೀಸರು ಹಿಡಿದ ಸುದ್ದಿ ಪೇಪರಿನಲ್ಲಿ ಬರುತ್ತದೆ. ಮ್ಯಾಚುಗಳೆಲ್ಲ ಮೊದಲೇ ಗೊತ್ತುಮಾಡಿದ್ದು ಎನ್ನುವ ಮಾತನ್ನು ಬಸ್ಸಿನಲ್ಲಿ ದಿನವೂ ಕೇಳುತ್ತೇನೆ. ಮುದುಕ ನೇಕಾರನನ್ನು ಯಾರೂ ಅನುಮಾನಿಸುವುದಿಲ್ಲ; ಅಂಥವನನ್ನೇ ಇಂಥ ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ ಎಂದು ನಾನೇ ನನಗೆ ಹೇಳಿಕೊಂಡೆ. ಹೇಳಿಕೊಂಡಷ್ಟೂ ಅದು ನಿಜವೆನಿಸಿತು.

ಅದಕ್ಕೆ ಸರಿಯಾಗಿ ಇನ್ನೊಂದು ಘಟನೆ ನಡೆಯಿತು. ಒಂದು ಗುರುವಾರ ಕಾಕಾ ಮ್ಯಾಚಿನ ನಡುವೆಯೇ ಎದ್ದರು. "ಎಲ್ಲಿಗಿ ಕಾಕಾ?" ಎಂದೆ. "ಹಮ್ಮಿಗಿಗಿ. ಮಗಳ ಮನಿಗಿ ಹೋಗಿ ಬರ್ತೀನ್ರಿ ಸಾಹೇಬ್ರ," ಎಂದರು. ಹಮ್ಮಿಗಿ ಮುಂಡರಗಿಯ ಆಚೆ, ತುಂಗಭದ್ರೆಯ ದಂಡೆಯ ಮೇಲಿದೆ. ಡ್ಯೂಟಿಗೆಂದು ನಾನು ಗದಗ ಬಸ್ ಸ್ಟ್ಯಾಂಡಿಗೆ ಬಂದಾಗ ಕಾಕಾ ಕಂಡರು. ಒಬ್ಬ ಹೆಣ್ಣುಮಗಳನ್ನು ಏನೋ ಕೇಳಿ, ಅವಳು ತೋರಿಸಿದ ಬಸ್ಸನ್ನು ಹತ್ತಿದರು. ಅದು ಮುಂಡರಗಿಯ ಬಸ್ಸಲ್ಲ, ಶಿರಹಟ್ಟಿಯ ಮೇಲಿಂದ ಲಕ್ಷ್ಮೇಶ್ವರಕ್ಕೆ ಹೋಗುವ ಬಸ್ಸು. ಬೋರ್ಡು ದೊಡ್ಡ ಅಕ್ಷರದಲ್ಲಿ ಕಣ್ಣ ಮುಂದೆಯೇ ಇತ್ತು. ಅಂದರೆ ತಿಳಿಯದೆ ಹತ್ತಿದ್ದಲ್ಲ, ಮನೆಗೂ ನಮಗೂ ಸುಳ್ಳು ಹೇಳಿ ಹೊರಟಿದ್ದಾರೆ ಎಂದು ತೀರ್ಮಾನಿಸಿದೆ.

ಮರುದಿನ ಕಾಕಾ ಬರುವ ಮೊದಲೇ ನಾನು ಚಾದಂಗಡಿಯವನಿಗೆ ಎಲ್ಲವನ್ನೂ ಹೇಳಿದೆ. ನಿಂತುಹೋದ ಟಿವಿ, ಎಡಗೈ, ಲಕ್ಷ್ಮೇಶ್ವರದ ಬಸ್ಸು. ಅವನ ಮುಖ ಇಳಿಯಿತು.

"ಅಲ್ರಿ ಸಾಹೇಬ್ರ, ಕಾಕಾ ಅಂಥಾವ್ರಲ್ಲ."

"ಅಂಥಾವ್ರು ಅಂತ ನಾನೂ ಅನ್ನೂದಿಲ್ಲ. ಆದ್ರ ನಾಳೆ ಪೊಲೀಸ್ರು ಬಂದ್ರ ಅಂಗಡಿ ಯಾರ್ದು?"

ಈ ಮಾತನ್ನು ನಾನೇ ಆಡಿದ್ದು. ಈಗಲೂ ಅದು ನನ್ನ ದನಿಯಲ್ಲೇ ಕೇಳಿಸುತ್ತದೆ.

ಎರಡು ದಿನದಲ್ಲಿ ಅಂಗಡಿಯ ಗಾಳಿ ಬದಲಾಯಿತು. ಕಾಕಾ ಬಂದರೆ ಪಕ್ಕದವರು ಜಾಗ ಬಿಟ್ಟು ಸರಿಯುತ್ತಿದ್ದರು. ಸೀರೆ ಅಂಗಡಿಯವನು ವಾದ ನಿಲ್ಲಿಸಿದ. ಕಾಕಾ, "ಯಾಕಲೇ, ಇವತ್ತ ನಿನ್ನ ಬ್ಯಾಟ್ಸಮನ್ರು ಎಲ್ಲಿಗಿ ಹೋದ್ರು?" ಎಂದು ಕೆಣಕಿದರೂ ಅವನು ಚಹಾ ಕಪ್ಪಿನಲ್ಲೇ ಮುಖ ಇಟ್ಟುಕೊಂಡ. ಮೂರನೆಯ ದಿನ ಚಾದಂಗಡಿಯವನು ಅವರ ಬಳಿ ಹೋಗಿ ಮೆಲ್ಲಗೆ, "ಕಾಕಾ, ಚಳಿ ಭಾಳ ಐತಿ, ಮನ್ಯಾಗ ನೋಡ್ರಲ್ಲ ಮ್ಯಾಚ್," ಎಂದ. ಕಾಕಾ ಯಾರಾದರೂ ಏನಾದರೂ ಹೇಳುತ್ತಾರೇನೋ ಎಂದು ಕಾಯುವವರ ಹಾಗಿದ್ದರು. ಯಾರೂ ಹೇಳಲಿಲ್ಲ. ಗೋಡೆ ಹಿಡಿದು ಎದ್ದು, ಬಾಗಿಲ ಹೊಸ್ತಿಲನ್ನು ಕಾಲಿನಿಂದ ತಡವಿ, ದಾಟಿ ಹೋದರು. ಹೊಸ್ತಿಲನ್ನು ಯಾಕೆ ಹಾಗೆ ತಡವಿದರು ಎಂದು ಕೇಳಿಕೊಳ್ಳುವ ಬುದ್ಧಿ ನನಗೆ ಅಂದು ಬರಲಿಲ್ಲ. ತಪ್ಪು ಮಾಡಿದವರು ತಲೆತಗ್ಗಿಸಿ ಹೋದರು ಎಂದಷ್ಟೇ ಎಣಿಸಿದೆ.

ಮುಂದಿನ ಗುರುವಾರ ನಾನು ಮತ್ತು ನನ್ನ ಜೊತೆಯವನು ಶಿರಹಟ್ಟಿ ದಾಟಿ ಒಂದು ಬೇವಿನ ಮರದ ಕೆಳಗೆ ನಿಂತಿದ್ದೆವು. ಹತ್ತೂವರೆ ಗಂಟೆಯಿರಬಹುದು. ಲಕ್ಷ್ಮೇಶ್ವರದ ಬಸ್ಸು ಬಂತು. ಕೈಮಾಡಿ ನಿಲ್ಲಿಸಿ, ಜೊತೆಯವನು ಹಿಂದಿನ ಬಾಗಿಲಿನಿಂದ, ನಾನು ಮುಂದಿನಿಂದ ಹತ್ತಿದೆವು. ನಾಲ್ಕನೆಯ ಸೀಟಿನಲ್ಲಿ, ಕಿಟಕಿಯ ಪಕ್ಕ ಕಾಕಾ ಕೂತಿದ್ದರು. ಅದೇ ಕುಲಾಯಿ, ಅದೇ ಎಡಗೈ ಕಿಸೆಯಲ್ಲಿ.

"ಟಿಕೆಟ್," ಎಂದೆ.

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಒಂದು ಮೊಳ ದೂರದಲ್ಲಿ ನಾನು ನಿಂತಿದ್ದೆ. ಗುರುತೇ ಇಲ್ಲದವನನ್ನು ನೋಡುವ ಹಾಗೆ ನೋಡಿ, ಮೇಲಿನ ಕಿಸೆಯಿಂದ ಒಂದು ಚೀಟಿ ತೆಗೆದು ಕೊಟ್ಟರು. ಎಂಥ ನಾಟಕ ಎಂದುಕೊಂಡೆ. ಚೀಟಿ ಬಿಡಿಸಿದರೆ ಅದು ಹಿಂದಿನ ಗುರುವಾರದ ಟಿಕೆಟ್. ನನ್ನ ಎದೆಯಲ್ಲಿ ಏನೋ ಗೆದ್ದ ಹಾಗಾಯಿತು. ಸುಳ್ಳು ಮುಚ್ಚುಮರೆಯಿಲ್ಲದೆ ನನ್ನ ಕೈಯಲ್ಲೇ ಇದೆ.

"ಇದು ಹೋದ ವಾರದ್ದು," ಎಂದೆ.

"ಹೌದೇನ್ರಿ ಸಾಹೇಬ್ರ? ತಡೀರಿ." ಇನ್ನೊಂದು ಕಾಗದ ಕೊಟ್ಟರು. ಅದು ಔಷಧ ಅಂಗಡಿಯ ಬಿಲ್ಲು. ಮತ್ತೊಂದು ಕೊಟ್ಟರು. ಅದು ನೂಲು ತಂದ ಚೀಟಿ. ಬಸ್ಸಿನವರೆಲ್ಲ ಹೊರಳಿ ನೋಡತೊಡಗಿದರು. ಕಾಕಾ ಕಿಸೆಯಲ್ಲಿದ್ದ ಕಾಗದಗಳನ್ನೆಲ್ಲ ತೆಗೆದು ತೊಡೆಯ ಮೇಲೆ ಹರಡಿ, "ಇದರಾಗ ಐತ್ರಿ. ಖರೆ ತಗಸೀನಿ. ನೀವ ಆರಿಸಿಕೊಳ್ರಿ," ಎಂದರು.

ಕಂಡಕ್ಟರ್ ಮುಂದೆ ಬಂದ. "ಅಜ್ಜಾರು ತಗಸ್ಯಾರ್ರಿ ಸರ್, ನಾನ ಕೊಟ್ಟೀನಿ. ಅಗೋ, ಆ ಮಡಚಿದ್ದು." ನಾನು ಬಗ್ಗಿ ತೆಗೆದುಕೊಂಡೆ. ಅಂದಿನದೇ ಟಿಕೆಟ್. ಲಕ್ಷ್ಮೇಶ್ವರದವರೆಗೆ ಸರಿಯಾಗಿಯೇ ಇತ್ತು.

ಬಗ್ಗಿದಾಗ ಅವರ ಮುಖ ಹತ್ತಿರದಿಂದ ಕಂಡಿತು. ಒಂದು ಕಣ್ಣಿನ ಪಾಪೆ ಬೂದಿ ಬಳಿದಂತಿತ್ತು. ಇನ್ನೊಂದು ನನ್ನನ್ನು ಬಿಟ್ಟು ನನ್ನ ಭುಜದಾಚೆ ಎಲ್ಲಿಯೋ ನೋಡುತ್ತಿತ್ತು. ಕುಲಾಯಿಯ ಅಂಚಿನಿಂದ ಕಪ್ಪು ವಯರೊಂದು ಇಳಿದು ಅಂಗಿಯೊಳಗೆ ಹೋಗಿತ್ತು.

"ಕಾಕಾ," ಎಂದೆ.

ಅವರ ಮುಖ ಬದಲಾಯಿತು. "ಅರೆ! ದನಿ ನಮ್ಮ ಚಾದಂಗಡಿ ಸಾಹೇಬರದು." ಆಮೇಲೆ, ಅಷ್ಟು ದಿನದ ಮೇಲೆ ಹೇಳಲು ಯಾರೋ ಸಿಕ್ಕರು ಎನ್ನುವ ಹಾಗೆ, "ಅವ್ರವು ಎಂಟ ಹೋದುವು ನೋಡ್ರಿ. ಈಗರ ಬೌಲಿಂಗ ದೊಡ್ಡದು ಅಂತ ಒಪ್ಪತೀರಿಲ್ಲೊ?" ಎಂದರು.

ನಾನು ಜೊತೆಯವನಿಗೆ ಮುಂದಿನ ಬಸ್ಸು ನೋಡಿಕೊಳ್ಳಲು ಹೇಳಿ ಅದೇ ಬಸ್ಸಿನಲ್ಲಿ ಲಕ್ಷ್ಮೇಶ್ವರದವರೆಗೆ ಹೋದೆ. ಕಾಕಾನ ಪಕ್ಕದ ಸೀಟಿನಲ್ಲಿ ಕೂತೆ. ಎಡಗಿಸೆಯಿಂದ ಅವರು ಅದನ್ನು ತೆಗೆದು ತೋರಿಸಿದರು. ಅಂಗೈಯಷ್ಟಗಲದ ರೇಡಿಯೊ, ಅದರ ವಯರಿನ ಇನ್ನೊಂದು ತುದಿ ಕುಲಾಯಿಯೊಳಗೆ ಒಂದು ಕಿವಿಯಲ್ಲಿತ್ತು. ಗಡಿಯಾಚೆ ಇಚಲಕರಂಜಿಯ ಮಗ್ಗಗಳಲ್ಲಿ ದುಡಿಯುತ್ತಿದ್ದ ಕಾಲದಿಂದ ಹಿಂದಿ ಕಾಮೆಂಟರಿ ಕೇಳಿ ಅವರಿಗೆ ರೂಢಿ. ಕಣ್ಣು ಮಂಜಾಗಿ ಎರಡು ವರ್ಷದ ಮೇಲಾಗಿತ್ತು. ಟಿವಿಯಲ್ಲಿ ಹಸಿರು ಬಣ್ಣ ಒಂದು ಕಾಣುತ್ತಿತ್ತಂತೆ, ಮನುಷ್ಯರು ಕಾಣುತ್ತಿರಲಿಲ್ಲ.

"ಮನ್ಯಾಗ ಕೇಳಬಹುದಿತ್ತಲ್ರಿ?"

"ಮನ್ಯಾಗ ಟಿವಿ ಐತಿ. ರೇಡಿಯೊ ಯಾಕ ಅಂತ ಮಗ ಕೇಳ್ತಾನ. ಕಣ್ಣಿಲ್ಲ ಅಂತ ಗೊತ್ತಾದ್ರ ಮಗ್ಗದಿಂದ ಎಬ್ಬಸ್ತಾನ. ಲಾಳಿ ಒಗ್ಯಾಕ ನನಗ ಕಣ್ಣ ಬೇಕಾಗಿಲ್ರಿ, ಕೈಗಿ ಗೊತ್ತೈತಿ. ಬಣ್ಣ ಮಾತ್ರ ಸೊಸಿನ್ನ ಕೇಳತೀನಿ, ಚಂದ ಐತೇನವಾ ಅಂತ ಕೇಳಿದಂಗ ಮಾಡಿ." ರೇಡಿಯೊವನ್ನು ಮತ್ತೆ ಕಿಸೆಗೆ ಇಳಿಸುತ್ತ ಹೇಳಿದರು. "ಮತ್ತ ಒಬ್ಬನ ಕುಂತ ಕೇಳಿದ್ರ ಜಗಳ ಯಾರ ಕೂಡ ಮಾಡೂದು?"

ನಮ್ಮ ಟಿವಿಯಲ್ಲಿ ಆಟ ರೇಡಿಯೊಗಿಂತ ಅರ್ಧ ನಿಮಿಷ ತಡವಾಗಿ ಬರುತ್ತಿತ್ತು. ಮೊಬೈಲಿನ ಇಂಟರ್ನೆಟ್ಟಿನಲ್ಲಿ ಬರುವ ಚಿತ್ರ ಹಾಗೆಯೇ ಬರುವುದು ಎಂದು ಆಮೇಲೆ ತಿಳಿದೆ. ಆದರೂ ನನ್ನೊಳಗಿನ ಚೆಕಿಂಗಿನವನು ಕೇಳದೆ ಬಿಡಲಿಲ್ಲ. "ಟಿವಿ ಹಿಂದ ಬರ್ತೈತಿ ಅಂತ ನಿಮಗ ಗೊತ್ತಿತ್ತೊ ಇಲ್ಲೊ?"

ಕಾಕಾ ಕಿಟಕಿಯ ಕಡೆ ಮುಖ ತಿರುಗಿಸಿದರು. "ಮೊದಲ ಗೊತ್ತಿರಲಿಲ್ಲ. ನಾ ಹೋದ ಅಂದೆ, ನೀವೆಲ್ಲ ತಡಾ ಮಾಡಿ ಒದರಿದ್ರಿ. ಆಮ್ಯಾಲೆ ಗೊತ್ತಾತು. ಗೊತ್ತಾದ ಮ್ಯಾಲೆ ಬಿಡಾಕ ಮನಸ್ಸಾಗಲಿಲ್ರಿ. ಎಷ್ಟ ವರ್ಷ ಆಗಿತ್ತು, ನನ್ನ ಮಾತ ಹಂಗ ಮಂದಿ ಕೇಳಿ."

ಲಕ್ಷ್ಮೇಶ್ವರದಲ್ಲಿ ಅವರು ಹೋಗುತ್ತಿದ್ದುದು ಕಣ್ಣಿಗೆ ಯಾವುದೋ ಎಲೆಯ ರಸ ಹಿಂಡುವ ಒಬ್ಬ ಮುದುಕನ ಮನೆಗೆ. ನಾನೂ ಜೊತೆಗೆ ಹೋದೆ. ಹಿತ್ತಲಿನಲ್ಲಿ ಏಳೆಂಟು ಜನ ಆಕಾಶಕ್ಕೆ ಮುಖ ಮಾಡಿ, ಕೆನ್ನೆಯ ಮೇಲೆ ಹಸಿರು ನೀರು ಇಳಿಸಿಕೊಂಡು ಕೂತಿದ್ದರು. ಅವರ ಸಾಲಿನಲ್ಲಿ ಕಾಕಾನನ್ನು ಕೂರಿಸಲು ನನಗೆ ಮನಸ್ಸಾಗಲಿಲ್ಲ. "ಇವತ್ತ ಬ್ಯಾಡ ಕಾಕಾ. ಗದಗಿನ್ಯಾಗ ಕಣ್ಣಿನ ಡಾಕ್ಟರ್ ಕಡೆ ಹೋಗೂಣು," ಎಂದೆ. ಮಗನಿಗೆ ಹೇಳಬಾರದು ಎಂದು ಆಣೆ ಹಾಕಿಸಿಕೊಂಡು ಒಪ್ಪಿದರು.

ಡಾಕ್ಟರರ ಸರದಿ ಸಿಗಲು ಹನ್ನೆರಡು ದಿನ ಹಿಡಿಯಿತು. ಅವರು ಎರಡೂ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಒಂದರ ಪೊರೆ ತೆಗೆಯಬಹುದು, ಇನ್ನೊಂದರ ನರವೇ ಒಣಗಿದೆ ಎಂದರು. ಆಪರೇಷನ್ನಿಗೆ ಮನೆಯವರ ಸಹಿ ಬೇಕು. ಆಗ ಆಣೆ ಮುರಿಯದೆ ಬೇರೆ ದಾರಿ ಇರಲಿಲ್ಲ.

ಮಗನಿಗೆ ನಾನೇ ಹೇಳಿದೆ. ಅವನು ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತಿದ್ದವನು ಎದ್ದು ಬಂದ. ಒಂದೊಂದೇ ಕೇಳಿದ. ಯಾವತ್ತು ಗೊತ್ತಾಯಿತು, ಎಲ್ಲಿ ಗೊತ್ತಾಯಿತು, ಅಪ್ಪನನ್ನು ಎಲ್ಲೆಲ್ಲಿಗೆ ಕರೆದುಕೊಂಡು ಹೋಗಿದ್ದೆ. ಬಸ್ಸಿನಲ್ಲಿ ನಾನು ಕೇಳುವ ಹಾಗೆಯೇ ಕೇಳಿದ, ನನ್ನ ಕಣ್ಣಿನಿಂದ ಕಣ್ಣು ತೆಗೆಯದೆ.

"ಹನ್ನೆರಡು ದಿನ ನಿಮ್ಮ ಹೊಟ್ಯಾಗ ಇಟಗೊಂಡು ಏನ ಮಾಡಿದ್ರಿ?" ಎಂದ. "ಜಲ್ದಿ ಹೇಳಿದ್ರ ಆ ಕಣ್ಣ ಉಳೀತಿತ್ತೊ ಏನೊ."

ಆ ಕಣ್ಣು ಹೋಗಿ ವರ್ಷಗಳೇ ಆಗಿವೆ, ಹನ್ನೆರಡು ದಿನದಿಂದ ಏನೂ ಆಗಿಲ್ಲ ಎಂದು ಡಾಕ್ಟರೂ ಅವನಿಗೆ ಹೇಳಿದರು. ಅವನು ನಂಬಿದಂತೆ ಕಾಣಲಿಲ್ಲ. ಡಾಕ್ಟರೂ ನಾನೂ ಸೇರಿ ಏನೋ ಮುಚ್ಚಿಡುತ್ತಿದ್ದೇವೆ ಎನ್ನುವಂತೆ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದ. ಆ ನೋಟ ಎಂಥದೆಂದು ನನಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಚಾದಂಗಡಿಯಲ್ಲಿ ನಾನು ನಿಂತುಕೊಂಡೇ ಹೇಳಿದೆ. ನಾನು ಹೇಳಿದ್ದು ತಪ್ಪು, ಕಾಕಾನ ಕಿಸೆಯಲ್ಲಿ ಇದ್ದದ್ದು ರೇಡಿಯೊ, ಅವರಿಗೆ ಕಣ್ಣು ಕಾಣುತ್ತಿರಲಿಲ್ಲ ಎಂದೆ. ಸೀರೆ ಅಂಗಡಿಯವನು, "ಹಂಗಾರ ಮಣಿಕಟ್ಟ ನೋಡ್ಯಾರಂತ ನಾ ಕೈ ಮುಗದದ್ದು ಸುಳ್ಳ?" ಎಂದು ನಗಲು ನೋಡಿದ. ಯಾರೂ ನಗಲಿಲ್ಲ. ಚಾದಂಗಡಿಯವನು ಪಾತ್ರೆಯಲ್ಲಿದ್ದ ಚಹಾವನ್ನು ಸುಮ್ಮನೆ ತಿರುವುತ್ತ ನಿಂತ. ಅಂದೇ ಮಧ್ಯಾಹ್ನ ಕಾಕಾನ ಮನೆಗೆ ಹೋಗಿ ಬಂದನಂತೆ. ಏನು ಹೇಳಿ ಬಂದ ಎಂದು ನಾನು ಕೇಳಲಿಲ್ಲ.

ಆಪರೇಷನ್ ಆಗಿ, ಹೊಗೆ ಧೂಳು ತಾಗಬಾರದೆಂದು ಕಾಕಾ ಮನೆಯಲ್ಲೇ ಇರುವಷ್ಟರಲ್ಲಿ ಆಸ್ಟ್ರೇಲಿಯಾದ ಸರಣಿ ಮುಗಿದೇ ಹೋಯಿತು. ನಾವು ಸೋತಿದ್ದೆವು. ಬ್ಯಾಟಿಂಗಿನಿಂದ ಸೋತೆವೋ ಬೌಲಿಂಗಿನಿಂದ ಸೋತೆವೋ ಎಂದು ವಾದ ಮಾಡಲು ಅಂಗಡಿಯಲ್ಲಿ ಯಾರಿಗೂ ಹುರುಪಿರಲಿಲ್ಲ. ಮುಂದೆ ಬೇರೊಂದು ದೇಶದವರು ನಮ್ಮಲ್ಲಿಗೆ ಟೆಸ್ಟ್ ಆಡಲು ಬಂದಾಗ ನನಗೆ ಸಂಜೆಯ ಪಾಳಿ, ಹಗಲೆಲ್ಲ ಬಿಡುವು; ಕಾಕಾ ಮತ್ತೆ ಬಂದರು. ಕಪ್ಪು ಕನ್ನಡಕ ಹಾಕಿಕೊಂಡು, ಈ ಸಲ ಮುಂದಿನ ಬೆಂಚಿನಲ್ಲಿ, ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂತರು. ಎರಡು ವರ್ಷ ಬರೀ ಹೆಸರು ಕೇಳಿದ್ದ ನಮ್ಮ ಒಬ್ಬ ಬೌಲರ್ ಓಡಿ ಬಂದಾಗ ಅವರಿಗೆ ನಂಬಿಕೆಯೇ ಬರಲಿಲ್ಲ.

"ಇಂವ? ಇಷ್ಟ ಸಣ್ಣ ಹುಡುಗ? ನಾ ದೊಡ್ಡ ಪೈಲ್ವಾನ ಅಂತ ತಿಳಕೊಂಡಿದ್ದೆ. ಇಂವ ಒಗದ ಚೆಂಡೇನು ಅದು?"

"ನಂಬ್ರಿ ಕಾಕಾ, ಇಂವನ," ಎಂದ ಸೀರೆ ಅಂಗಡಿಯವನು.

ಕಾಕಾ ನಂಬಲು ಮೂರು ಓವರ್ ಬೇಕಾದವು. ಆಮೇಲೆ ವಾದ ಮೊದಲಿನಂತೆಯೇ ಹತ್ತಿಕೊಂಡಿತು. ಆದರೆ ಈಗ ಅವರ ಅಂದಾಜುಗಳೂ ತಪ್ಪುತ್ತಿದ್ದವು, ಬಹಳ ತಪ್ಪುತ್ತಿದ್ದವು.

ಮಗ್ಗದ ಕೆಲಸವನ್ನು ಮಗ ಪೂರ್ತಿ ಬಿಡಿಸಲಿಲ್ಲ. ದಿನಕ್ಕೆ ಎರಡು ತಾಸು ಕೂರಲು ಬಿಡುತ್ತಾನೆ. ನನ್ನೊಡನೆ ಅವನು ಮಾತು ಬಿಟ್ಟಿದ್ದ. ರಸ್ತೆಯಲ್ಲಿ ಸಿಕ್ಕರೆ ಆಚೆ ಬದಿಗೆ ಹೋಗುತ್ತಿದ್ದ. ಒಂದು ದಿನ ಊಟಕ್ಕೆ ತಡವಾಯಿತೆಂದು ಅಪ್ಪನನ್ನು ಕರೆಯಲು ಅಂಗಡಿಗೆ ಬಂದ. ಕಾಕಾ, ಈ ಓವರ್ ಒಂದು ಮುಗಿಯಲಿ ಎಂದರು. ಕೂರಲು ಬೇರೆಲ್ಲೂ ಜಾಗ ಇರಲಿಲ್ಲ, ನನ್ನ ಪಕ್ಕ ಒಂದಿತ್ತು. ಸ್ವಲ್ಪ ನಿಂತು ನೋಡಿ, ಬಂದು ಕೂತ. ಒಂದು ಚಹಾ ಹೇಳಿದ. ನಾನು ಟಿವಿಯ ಕಡೆಗೇ ನೋಡುತ್ತಿದ್ದೆ. ಅರ್ಧ ಚಹಾ ಆದ ಮೇಲೆ, ಅವನೂ ಟಿವಿಯ ಕಡೆಗೇ ನೋಡುತ್ತ ಕೇಳಿದ.

"ಎಷ್ಟ ಹೋದುವ್ರಿ?"

"ಆರು," ಎಂದೆ.